ಐವತ್ತಕ್ಕೆ ನಾಲ್ಕು ಕಡಿಮೆ

ಸೆನೋನ್ ಫೇಲಾಗಿ ಬಂದ ದಿನ ಅವನ ಹೆಂಡತಿ ಹಿಲಾರಿಯಾ ಗಣಿಯ ಹೊರಗಿನ ಕಲ್ಲುಗುಡ್ಡೆಯ ಮೇಲೆ ಕೂತಿದ್ದಳು. ಗಂಡಸರು ಸುರಂಗದಿಂದ ತಂದು ಸುರಿದ ಕಲ್ಲನ್ನು ಸುತ್ತಿಗೆಯಿಂದ ಒಡೆದು, ಅದರಲ್ಲಿ ತವರದ ಚೂರೇನಾದರೂ ಉಳಿದಿದೆಯೇ ಎಂದು ಹುಡುಕುವುದು ಅವಳ ಕೆಲಸ. ಗಂಡ ದೂರದಲ್ಲಿ ಬಸ್ಸಿಳಿದು, ಏರು ಹತ್ತಲಾರದೆ ಎರಡು ಕಡೆ ನಿಂತು, ಟೋಪಿ ಕೈಯಲ್ಲಿ ಹಿಡಿದು ಬರುತ್ತಿದ್ದ ರೀತಿಯಲ್ಲೇ ಅವಳಿಗೆ ಫಲಿತಾಂಶ ಗೊತ್ತಾಯಿತು. ಒರುರೊ ಪಟ್ಟಣದಲ್ಲಿ ಡಾಕ್ಟರು ಅವನ ಎದೆಯನ್ನು ಅಳೆದಿದ್ದರು. ಗಣಿಯ ದೂಳು ಶ್ವಾಸಕೋಶವನ್ನು ನೂರಕ್ಕೆ ಐವತ್ತು ಪಾಲು ತಿಂದಿದ್ದರೆ ಮನೆಯಲ್ಲಿ ಕೂರಿಸಿ ಪಿಂಚಣಿ ಕೊಡುತ್ತಾರೆ, ಗಂಡ ಸತ್ತ ಮೇಲೆ ಹೆಂಡತಿಗೂ ಅದು ಬರುತ್ತದೆ. ನಲವತ್ತೊಂಬತ್ತಾದರೆ ಮತ್ತೆ ಸುರಂಗವೇ ಗತಿ. ಸೆನೋನನಿಗೆ ನಲವತ್ತಾರು ಬಂದಿತ್ತು.

ಅವರ ಗಣಿಯೂರು ವಿಲಾಕೊಯೊದ ಗಂಡಸರು ಈ ಅಂಕಗಳ ಮಾತಾಡುವುದನ್ನು ಕೇಳಿದರೆ ಹಿಲಾರಿಯಾಗೆ ಮೈ ಉರಿಯುತ್ತಿತ್ತು. ಮೂರನೇ ಕ್ಲಾಸಿನಲ್ಲೇ ಶಾಲೆಗೆ ಕೈ ಮುಗಿದು ಓಡಿಬಂದವರೆಲ್ಲ ನಲವತ್ತರ ವಯಸ್ಸಿನಲ್ಲಿ ಮಾರ್ಕಿನ ಹಿಂದೆ ಬಿದ್ದಿದ್ದರು. ನಿನ್ನದೆಷ್ಟು ಬಂತು, ಅವನದೆಷ್ಟು ಬಂತು, ನನಗೆ ಮೂರೇ ಕಡಿಮೆಯಾಯಿತು, ಮುಂದಿನ ಸಲ ನೋಡು. ಯಾರಾದರೂ ಐವತ್ತು ದಾಟಿದರೆ ಬಿಯರ್ ಒಡೆದು ಭೂತಾಯಿಗೆ ಮೊದಲ ಗುಟುಕು ಸುರಿಯುತ್ತಿದ್ದರು. ಅರ್ಧ ಎದೆ ಕೊಳೆತುಹೋಯಿತು ಎಂದು ಹಬ್ಬ ಮಾಡುವ ಇಂಥ ಗಂಡಸರು ಬೇರೆಲ್ಲೂ ಇರಲಿಕ್ಕಿಲ್ಲ ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು. ಆದರೆ ಅಂದು ನಾಲ್ಕು ಅಂಕ ಕಡಿಮೆ ಎಂದು ತಿಳಿದಾಗ ಸುತ್ತಿಗೆ ಕೆಳಗಿಟ್ಟು ಅತ್ತವಳೂ ಅವಳೇ.

ಮೆಲಿತೋನ್ ಬಂದದ್ದು ಆ ಸಂಜೆ. ಇವರ ಮಗಳ ದೀಕ್ಷಾಸ್ನಾನದಲ್ಲಿ ಧರ್ಮಪಿತನಾಗಿ ನಿಂತವನು, ಆ ನಂಟಿನಿಂದ ಸೆನೋನನಿಗೆ ಕಂಪಾದ್ರೆ, ಹಿಲಾರಿಯಾ ಅವನಿಗೆ ಕೊಮಾದ್ರೆ. ಹಿಂದಿನ ವರ್ಷ ಐವತ್ತೆರಡು ತೆಗೆದು ಪಾಸಾದಂದಿನಿಂದ ಅವನು ಊರಿಗೇ ಮೇಷ್ಟ್ರಾಗಿದ್ದ. ಮನೆಯ ಮುಂದೆ ಬಿಸಿಲಿಗೆ ಕುರ್ಚಿ ಹಾಕಿಕೊಂಡು, ಬಾಯಲ್ಲಿ ಸಿಗರೇಟು ಕಚ್ಚಿಕೊಂಡು, ಡಾಕ್ಟರ ಮುಂದೆ ಹೇಗೆ ಕೂರಬೇಕು, ಎಷ್ಟು ಜೋರಾಗಿ ಕೆಮ್ಮಬೇಕು ಎಂದು ಹೋಗಿಬರುವವರಿಗೆಲ್ಲ ಪಾಠ ಹೇಳುತ್ತಿದ್ದ. ಕೇಳಲು ಬಂದವರು ಬರಿಗೈಯಲ್ಲಿ ಬಂದರೆ ಪಾಠ ಅರ್ಧಕ್ಕೇ ನಿಲ್ಲುತ್ತಿತ್ತು.

ಹಿಲಾರಿಯಾ ಕೊಟ್ಟ ಆಲೂಗಡ್ಡೆ ಸಾರನ್ನು ಎರಡು ಸಲ ಹಾಕಿಸಿಕೊಂಡು ಕುಡಿದ ಮೇಲೆ ಅವನು ವಿಷಯಕ್ಕೆ ಬಂದ.

"ನೋಡು ಕಂಪಾದ್ರೆ, ನಿನ್ನ ಎದೆ ಇನ್ನೂ ಹಣ್ಣಾಗಿಲ್ಲ ಕಣಯ್ಯ. ಮೂರು ತಿಂಗ್ಳು ದಿನಕ್ಕಿಪ್ಪತ್ತು ಸಿಗರೇಟು ಸೇದು. ನಾನು ಪಾಸಾಗಿದ್ದು ಹಂಗೇ. ಅವ್ರು ಊದಿಸೋ ಆ ಕೊಳವೆಗೇನು ಗೊತ್ತಾಗ್ತದೆ, ದೂಳ್ಯಾವುದು ಹೊಗೆ ಯಾವುದು ಅಂತ?"

ಮೆಲಿತೋನ್ ಹನ್ನೆರಡನೇ ವಯಸ್ಸಿನಿಂದ ಸೇದುತ್ತಿದ್ದವನು. ಪರೀಕ್ಷೆಯ ಹಿಂದಿನ ಮೂರು ತಿಂಗಳೂ ಸೇದಿದ್ದ, ಅದರ ಹಿಂದಿನ ಮೂವತ್ತು ವರ್ಷವೂ ಸೇದಿದ್ದ. ತಾನು ಪಾಸಾದದ್ದಕ್ಕೆ ಆ ಮೂರು ತಿಂಗಳೇ ಕಾರಣ ಎಂದು ಅವನು ಯಾಕೆ ತೀರ್ಮಾನಿಸಿದನೋ ದೇವರಿಗೇ ಗೊತ್ತು. ಆ ದಿನ ಸೇವಂತಿಗೆ ಮುಡಿದು ಹೋಗಿದ್ದರೆ ಊರಿಗೆಲ್ಲ ಸೇವಂತಿಗೆ ಮುಡಿಸುತ್ತಿದ್ದ. ಮೋಸ ಮಾಡುವ ಬುದ್ಧಿ ಅವನಿಗಿರಲಿಲ್ಲ. ಬುದ್ಧಿಯೇ ಇರಲಿಲ್ಲ, ಅದು ಬೇರೆ ಮಾತು.

ಸೆನೋನ್ ಸೇದುವವನಲ್ಲ. ಮಂಗಳವಾರ, ಶುಕ್ರವಾರ ಸುರಂಗದೊಳಗಿನ ಮಣ್ಣಿನ ದೇವರು ಗಣಿಮಾವನಿಗೆ ಸಿಗರೇಟು ಹೊತ್ತಿಸಿ ಕೊಡುವಾಗ ಎಳೆಯುವ ಒಂದು ದಮ್ಮು ಬಿಟ್ಟರೆ ತಂಬಾಕು ಅವನ ಬಾಯಿಗೆ ಹೋದದ್ದಿಲ್ಲ. ಅವನು ಹಿಂದೆ ಮುಂದೆ ನೋಡಿದ. ಹಿಲಾರಿಯಾ ನೋಡಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗಿ ಪ್ಯಾಕು ತಂದವಳು ಅವಳೇ. ಆಮೇಲೆ ಎಷ್ಟೋ ಜನರನ್ನು ಅವಳು ಬೈದಳು, ಆದರೆ ಈ ಒಂದು ಮಾತನ್ನು ಮಾತ್ರ ಯಾರ ಮುಂದೆಯೂ ಬಾಯಿಬಿಡಲಿಲ್ಲ.

ಮಕ್ಕಳಿಗೆ ಹಾಲು ಕುಡಿಸುವ ಹಾಗೆ ಅವಳು ಗಂಡನಿಗೆ ಹೊಗೆ ಕುಡಿಸಿದಳು. ಮೊದಲ ವಾರ ಅವನ ಮುಖ ಹಸಿರಾಗುತ್ತಿತ್ತು, ಲಾಮಾ ಕೊಟ್ಟಿಗೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡು ಬರುತ್ತಿದ್ದ. ಅವಳು ಬಾಯಿ ಒರೆಸಿ ಇನ್ನೊಂದು ಹೊತ್ತಿಸಿ ಕೊಡುತ್ತಿದ್ದಳು. ಇಪ್ಪತ್ತು ಮುಗಿಯದೆ ಊಟಕ್ಕೆ ಕೂರುವ ಹಾಗಿರಲಿಲ್ಲ. ಎರಡನೇ ತಿಂಗಳಲ್ಲಿ ಅವಳು ನೆನಪಿಸುವುದು ಬೇಕಾಗಲಿಲ್ಲ. ಮೂರನೇ ತಿಂಗಳು ಅವಳು ಒಲೆ ಹೊತ್ತಿಸುವ ಮೊದಲೇ ಅವನು ಸಿಗರೇಟು ಹೊತ್ತಿಸಿಕೊಂಡು ಹೊಸ್ತಿಲ ಮೇಲೆ ಕೂತಿರುತ್ತಿದ್ದ. ಅವನ ಕೆಮ್ಮು ಓಣಿಯ ಕೊನೆಯವರೆಗೂ ಕೇಳುತ್ತಿತ್ತು. ಪಕ್ಕದ ಮನೆಯವರು ಚೆನ್ನಾಗಿ ಕೆಮ್ಮುತ್ತಿದ್ದಾನೆ, ಈ ಸಲ ಪಾಸಾಗುತ್ತಾನೆ ಎಂದರು. ಹಿಲಾರಿಯಾಗೆ ಹೆಮ್ಮೆಯೇ ಆಯಿತು.

ಡಾಕ್ಟರ್ ಆಂತೆಸಾನಾ ದಪ್ಪ ಕನ್ನಡಕದ ಕುಳ್ಳು ಹೆಂಗಸು, ಹೆಚ್ಚು ಮಾತಿನವಳಲ್ಲ. ಮೂರು ತಿಂಗಳು ಮುಗಿಸಿ ಮತ್ತೆ ಒರುರೊಗೆ ಹೋದ ಸೆನೋನ್ ಆಕೆಯ ಮುಂದೆ ಕೊಳವೆ ಊದಿದ. ಎದೆಯ ಎಕ್ಸ್‌ರೇ ಫಿಲ್ಮು ತೆಗೆಸಿಕೊಂಡ. ಆಮೇಲೆ ಆಕೆ ಮೇಜಿನಿಂದ ಇನ್ನೊಂದು ಪುಟ್ಟ ಯಂತ್ರ ತೆಗೆದು ಅದನ್ನೂ ಊದಿಸಿದಳು. ಅದರಲ್ಲಿ ಕೆಂಪು ದೀಪ ಹತ್ತಿತು. ಅದು ಉಸಿರಿನಲ್ಲಿರುವ ಹೊಗೆಯನ್ನು ಅಳೆಯುವ ಯಂತ್ರವಂತೆ. ಮೆಲಿತೋನ್ ಮೇಷ್ಟ್ರ ಪಾಠದಲ್ಲಿ ಅದು ಬಂದಿರಲಿಲ್ಲ.

ಫಿಲ್ಮು ಮೂರು ತಿಂಗಳ ಹಿಂದೆ ಇದ್ದ ಹಾಗೇ ಇದೆ, ಉಸಿರು ಮಾತ್ರ ಕುಸಿದಿದೆ, ಅಂದರೆ ಇದು ತಂಬಾಕಿನ ಕೆಲಸ ಎಂದು ಆಕೆ ಹೇಳಿದಳು. ತಂಬಾಕಿಗೆ ಪಿಂಚಣಿ ಇಲ್ಲ. ಆರು ತಿಂಗಳು ಪೂರ್ತಿ ಬಿಟ್ಟು ಬಂದರೆ ಮತ್ತೆ ಅಳೆಯುತ್ತೇನೆ, ಹೋದ ಉಸಿರು ಸ್ವಲ್ಪವಾದರೂ ವಾಪಸು ಬರಬಹುದು, ಬಿಡದಿದ್ದರೆ ಬರುವುದಿಲ್ಲ ಎಂದಳು. ಬಿಡಲು ಕಷ್ಟವಾದರೆ ಔಷಧವಿದೆ, ಬಂದು ತೆಗೆದುಕೊಂಡು ಹೋಗು ಎಂದೂ ಹೇಳಿದಳು. ಅಯ್ಯೋ ಅದೇನು ದೊಡ್ಡ ವಿಷಯ, ಮೂರು ತಿಂಗಳ ಅಭ್ಯಾಸ ತಾನೇ, ನಾಳೆಯಿಂದಲೇ ಬಿಟ್ಟೆ ಎಂದ ಸೆನೋನ್. ವಾಪಸು ಬರುವಾಗ ಬಸ್ಸು ಚಹಾಕ್ಕೆ ನಿಂತಲ್ಲಿ ಇಳಿದು ಎರಡು ಸೇದಿದ. ನಾಳೆ ಇನ್ನೂ ಬಂದಿರಲಿಲ್ಲವಲ್ಲ.

ಆ ನಾಳೆ ಆರು ತಿಂಗಳಾದರೂ ಬರಲಿಲ್ಲ. ಚರ್ಚಿನ ಸುರಂಗದ ಮಾತೆಯ ಮುಂದೆ ಮೇಣದಬತ್ತಿ ಹಚ್ಚಿ ಆಣೆ ಮಾಡಿದ, ಮೂರು ದಿನ ನಡೆಯಿತು. ಮಗಳ ತಲೆ ಮುಟ್ಟಿ ಆಣೆ ಮಾಡಿದ, ಅದು ಸಂಜೆಯವರೆಗೆ ನಡೆಯಿತು. ಕೆನ್ನೆ ತುಂಬ ಕೋಕಾ ಎಲೆ ತುಂಬಿಕೊಂಡ, ಬೆಲ್ಲದ ಮಿಠಾಯಿ ಚೀಪಿದ, ಚೀಪುತ್ತಲೇ ಸೇದಿದ. ಸಿಗರೇಟು ಇಲ್ಲದ ದಿನ ಕೈ ನಡುಗುತ್ತಿತ್ತು, ಸಾರಿಗೆ ಉಪ್ಪು ಸಾಲದೆಂದು ತಟ್ಟೆ ಎಸೆಯುತ್ತಿದ್ದ, ಆಮೇಲೆ ಕೂತು ಅಳುತ್ತಿದ್ದ. ಇಪ್ಪತ್ತಾರು ವರ್ಷ ಡೈನಮೈಟು ಹಿಡಿದ ಕೈ ಬೆರಳುದ್ದದ ಕಾಗದದ ಸುರುಳಿಗೆ ನಡುಗುವುದನ್ನು ನೋಡಿ ಹಿಲಾರಿಯಾಗೆ ಅಸಹ್ಯವಾಗುತ್ತಿತ್ತು. ಔಷಧ ತರೋಣ ನಡಿ ಎಂದರೆ, ನಾನೇನು ರೋಗಿಷ್ಟನೇ ಎಂದು ಕೇಳುತ್ತಿದ್ದ. ಅರ್ಧ ಎದೆ ಕೊಳೆತವನಿಗೆ ಸಿಗರೇಟಿನ ಔಷಧ ತೆಗೆದುಕೊಳ್ಳಲು ಅವಮಾನ.

ಒಂದು ದಿನ ಕೊಟ್ಟಿಗೆಯ ಹಿಂದೆ, ಮೊದಲು ವಾಂತಿ ಮಾಡಿಕೊಳ್ಳುತ್ತಿದ್ದ ಜಾಗದಲ್ಲೇ, ಅವನು ಸೇದುತ್ತ ಸಿಕ್ಕಿಬಿದ್ದ.

"ಆಗ್ತಿಲ್ಲ ಹಿಲಾ," ಎಂದ. "ತಲೆಯೊಳಗೆ ಯಾರೋ ಕೂತ್ಕೊಂಡು ಕರೀತಾನೇ ಇರ್ತಾನೆ."

"ಕೂರೋಕೆ ಅಲ್ಲಿ ಬೇಕಾದಷ್ಟು ಜಾಗ ಖಾಲಿ ಇದೆ ಅಂತ ನಂಗೆ ಮೊದ್ಲೇ ಗೊತ್ತಿತ್ತು," ಎಂದಳು ಹಿಲಾರಿಯಾ.

ಅವಳು ಬಿಗಿ ಮಾಡಿದಳು. ಅಂಗಡಿಯವಳಿಗೆ ಹೇಳಿ ಅವನಿಗೆ ಕೊಡದಂತೆ ಮಾಡಿದಳು, ಸುರಂಗದಲ್ಲಿ ಅವನ ಜೊತೆ ದುಡಿಯುವ ತಂಡದವರಿಗೆಲ್ಲ ಒಂದೂ ಕೊಡಬೇಡಿ ಎಂದು ಕೈ ಮುಗಿದಳು, ಸಂಜೆ ಮನೆಗೆ ಬಂದವನ ಬಾಯಿ ಮೂಸಿದಳು. ಬಾಯಿ ಆಗಲೂ ನಾರುತ್ತಿತ್ತು. ಎಲ್ಲಿಂದ ಬರುತ್ತಿದೆ ಎಂದು ಮಾತ್ರ ತಿಳಿಯಲಿಲ್ಲ.

ಆ ಹೊತ್ತಿಗೆ ತಂಡದವರು ಬಹಳ ಖುಷಿಯಲ್ಲಿದ್ದರು. ಸುರಂಗದೊಳಗೆ ಮೂಲೆಯಲ್ಲಿ ಕೂತಿರುವ ಗಣಿಮಾವನಿಗೆ ಕೊಂಬಿದೆ, ಮಣ್ಣಿನ ಮೈ, ಬಾಯಿ ತೆರೆದೇ ಇರುತ್ತದೆ. ಅದಿರೆಲ್ಲ ಅವನದು. ಅವನ ಬಾಯಿಗಿಟ್ಟ ಸಿಗರೇಟು ಅರ್ಧಕ್ಕೆ ಆರಿದರೆ ಮಾವ ಮುನಿದಿದ್ದಾನೆ, ಕೊನೆಯವರೆಗೆ ಉರಿದರೆ ಒಲಿದಿದ್ದಾನೆ. ಈಗ ಮಾವ ವಾರವಾರವೂ ತುದಿಯವರೆಗೆ ಸೇದುತ್ತಿದ್ದ. ಒಂದರ ಬದಲು ಮೂರು ಇಟ್ಟರೆ ಮೂರೂ ಖಾಲಿ. ಅಗೆಯುತ್ತಿರುವ ಕಡೆ ದೊಡ್ಡ ತವರದ ಎಳೆ ಇರಲೇಬೇಕೆಂದು ಮೇಸ್ತ್ರಿ ಹೇಳಿದ. ಆರು ಜನ ಬೇರೆ ಕಡೆಯ ಕೆಲಸ ಬಿಟ್ಟು ಇಪ್ಪತ್ತು ದಿನ ಅಲ್ಲೇ ಅಗೆದರು. ಸಿಕ್ಕಿದ್ದು ಬರೀ ಬಂಡೆ.

ಇಪ್ಪತ್ತೊಂದನೇ ದಿನ ಮರೆತ ಉಳಿ ತರಲು ವಾಪಸು ಹೋದ ಮೇಸ್ತ್ರಿಗೆ ಸೆನೋನ್ ಕಂಡ. ಸಿಗರೇಟನ್ನು ಮಾವನ ಬಾಯಿಂದ ತೆಗೆಯಲು ಭಯವಾಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮಣ್ಣಿನ ಮುಖಕ್ಕೆ ಮುಖ ಹಚ್ಚಿ, ಅಲ್ಲೇ ಸೇದುತ್ತಿದ್ದ. ಮೊದಲು ಮುತ್ತು ಕೊಡುತ್ತಿದ್ದಾನೆಂದು ಮೇಸ್ತ್ರಿ ಅಂದುಕೊಂಡನಂತೆ.

ಅವರು ಅವನನ್ನು ಹೊಡೆಯಲಿಲ್ಲ. ಮಾವನ ಎಂಜಲು ತಿಂದವನ ಜೊತೆ ಸುರಂಗಕ್ಕೆ ಇಳಿದರೆ ಬಂಡೆ ತಲೆ ಮೇಲೆ ಬೀಳುತ್ತದೆ ಎಂದು ತಂಡದಿಂದ ತೆಗೆದುಹಾಕಿದರು. ಹೇಳಲು ಬಂದ ಮೇಸ್ತ್ರಿ ಬಾಗಿಲಲ್ಲೇ ನಿಂತು, ನಮ್ಮ ಇಪ್ಪತ್ತು ದಿನ ಹಾಳಾಯಿತು ಎಂದ. ಕಳ್ಳನ ಹೊಗೆ ನೋಡಿಕೊಂಡು ಬಂಡೆ ಅಗೆದವರಿಗೆ ಇಪ್ಪತ್ತು ದಿನ ಹಾಳಾದದ್ದು ಕಡಿಮೆಯೇ ಎಂದು ಹಿಲಾರಿಯಾ ಬಾಗಿಲು ಹಾಕಿಕೊಂಡಳು. ಒಳಗೆ ಬಂದ ಮೇಲೆ ಗಂಡನನ್ನು ಬೈಯಲಿಲ್ಲ. ಬೈಯುವುದಕ್ಕೂ ಮನುಷ್ಯ ಸ್ವಲ್ಪ ಎತ್ತರದಲ್ಲಿರಬೇಕು, ಇವನು ಕೈಗೆಟುಕದಷ್ಟು ಕೆಳಗೆ ಹೋಗಿದ್ದ. ಮರುದಿನದಿಂದ ಅವಳು ಬೆಳಕು ಹರಿಯುವ ಮೊದಲೇ ಕಲ್ಲುಗುಡ್ಡೆಗೆ ಹೋಗತೊಡಗಿದಳು. ಅವನು ಮನೆಯಲ್ಲಿ ಕೂತು, ದಾರಿಹೋಕರನ್ನು ಬೇಡಿ ಸೇದುತ್ತಿದ್ದ. ಅವಳು ಮೂಸುವುದನ್ನು ಬಿಟ್ಟಳು.

ಆರು ತಿಂಗಳು ಮುಗಿದಾಗ ಹಿಲಾರಿಯಾ ಅವನನ್ನು ಒರುರೊಗೆ ಎಳೆದುಕೊಂಡು ಹೋದದ್ದು ಆಸೆಯಿಂದಲ್ಲ. ದಿನ ಗೊತ್ತುಮಾಡಿದ್ದರು, ಹೋಗಬೇಕಿತ್ತು. ಡಾಕ್ಟರ ಕೋಣೆ ಎರಡನೇ ಮಹಡಿಯಲ್ಲಿತ್ತು. ಹೋದ ಸಲ ಅವನು ಒಮ್ಮೆ ನಿಂತು ಹತ್ತಿದ್ದ ಮೆಟ್ಟಿಲನ್ನು ಈ ಸಲ ಪ್ರತಿ ಮೂರಕ್ಕೆ ಕೂತು ಹತ್ತಿದ. ಅವರ ಹಿಂದೆ ಬಂದ ಎಂಬತ್ತರ ಮುದುಕಿಯೊಬ್ಬಳು ದಾರಿ ಬಿಡಪ್ಪ ಎಂದು ಅವನನ್ನು ದಾಟಿ ಹೋದಳು. ಸೆನೋನನಿಗೆ ನಲವತ್ತೆಂಟು ವಯಸ್ಸು.

ಪುಟ್ಟ ಯಂತ್ರದಲ್ಲಿ ಮತ್ತೆ ಕೆಂಪು ದೀಪ ಹತ್ತಿತು. ಹಿಲಾರಿಯಾ ಎದ್ದು ನಿಂತು ಹೆಗಲ ಬಟ್ಟೆ ಕಟ್ಟಿಕೊಳ್ಳತೊಡಗಿದಳು. ಆದರೆ ಡಾಕ್ಟರಮ್ಮ ಕೂತ್ಕೊಳ್ಳಮ್ಮ ಎಂದು, ಹೊಸ ಫಿಲ್ಮನ್ನು ಬೆಳಕಿನ ಹಲಗೆಗೆ ಸಿಕ್ಕಿಸಿದಳು. ಪಕ್ಕದಲ್ಲಿ ಹಳೆಯದನ್ನೂ ಸಿಕ್ಕಿಸಿದಳು. ಹಳೆಯದರಲ್ಲಿ ಸಾಸಿವೆ ಚೆಲ್ಲಿದ ಹಾಗಿದ್ದ ಬಿಳಿ ಚುಕ್ಕೆಗಳು ಹೊಸದರಲ್ಲಿ ಒಂದಕ್ಕೊಂದು ಅಂಟಿ ಗಂಟುಗಳಾಗಿದ್ದವು. ಆಕೆ ಬಹಳ ಹೊತ್ತು ನೋಡಿದಳು, ಬರೆದಳು, ಮತ್ತೆ ನೋಡಿದಳು.

"ದೂಳಿಂದು ಐವತ್ಮೂರು ಬಂದಿದೆ," ಎಂದಳು. "ಪಿಂಚಣಿ ಆಗುತ್ತೆ. ನಾನೇ ಬರೆದು ಕಳಿಸ್ತೀನಿ."

ಸೆನೋನ್ ಕುರ್ಚಿಯ ಮೇಲೆ ಕೂತಲ್ಲೇ ಎದೆಗೆ ಶಿಲುಬೆ ಗುರುತು ಮಾಡಿಕೊಂಡ. ಹಿಲಾರಿಯಾಗೆ ಏನೋ ಅರ್ಥವಾಗದೆ ಉಳಿದ ಹಾಗಿತ್ತು.

"ಹಂಗಾದ್ರೆ ಸೇದಿದ್ದು ಉಪಯೋಗಕ್ಕೆ ಬಂತಾ ಡಾಕ್ಟ್ರಮ್ಮ?"

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. ಈ ಪ್ರಶ್ನೆ ಆಕೆಯ ಕಿವಿಗೆ ಮೊದಲ ಸಲ ಬಿದ್ದದ್ದಲ್ಲ ಎಂದು ಮುಖದಲ್ಲೇ ಕಾಣುತ್ತಿತ್ತು.

"ಈ ಗಂಟುಗಳೆಲ್ಲ ಕಲ್ಲಿನ ದೂಳು ಕಣಮ್ಮ. ಒಳಗೆ ಹೋಗಿ ಕೂತ ದೂಳು, ಇವನು ಸುಮ್ನೆ ಮನೇಲಿ ಮಲಗಿದ್ರೂ ಬೆಳೀತಿತ್ತು. ಸಿಗರೇಟು ಮುಟ್ಟದೆ ಬಂದಿದ್ರೂ ಇವತ್ತು ಇದೇ ಐವತ್ಮೂರು, ಇದೇ ಕಾಗದ. ಏನು ವ್ಯತ್ಯಾಸ ಅಂದ್ರೆ, ಕಾಗದ ತಗೊಂಡು ಮೆಟ್ಟಿಲಿಳಿದು ನಡ್ಕೊಂಡು ಹೋಗ್ತಿದ್ದ. ಹತ್ತು ವರ್ಷ ಕೂತು ಪಿಂಚಣಿ ತಿಂತಿದ್ದ."

"ಈಗ?"

ಆಕೆ ಸೆನೋನನ ಕಡೆ ನೋಡಿದಳು, ಅವನು ಕಿಟಕಿಯ ಕಡೆ ನೋಡುತ್ತಿದ್ದ. ಈಗಲಾದರೂ ಬಿಟ್ಟರೆ ಇನ್ನೂ ಕೆಲವು ವರ್ಷ ಸಿಗುತ್ತದೆ ಎಂದಷ್ಟೇ ಹೇಳಿ, ಔಷಧದ ಚೀಟಿ ಬರೆದುಕೊಟ್ಟಳು. ಹಿಲಾರಿಯಾ ಚೀಟಿ ತೆಗೆದುಕೊಂಡು ಹೊರಗೆ ಬಂದಳು. ಸುಮ್ಮನೆ ಕಾದಿದ್ದರೆ ಸಾಕಿತ್ತು. ಒಂಬತ್ತು ತಿಂಗಳು ಕೈ ಕಟ್ಟಿಕೊಂಡು ಕಾದಿದ್ದರೆ ಸಾಕಿತ್ತು. ಅಂಗಡಿಗೆ ಹೋಗಿ ಪ್ಯಾಕು ತಂದ ಆ ಬೆಳಿಗ್ಗೆಯನ್ನು ನೆನೆದು, ಮೆಲಿತೋನನಿಗೆ, ಗಂಡನಿಗೆ, ಊರಿಗೆಲ್ಲ ಹಂಚಿ ಇಷ್ಟು ದಿನ ಬೈದ ಬೈಗುಳವೆಲ್ಲ ತನ್ನ ಮೇಲೇ ಬಂದು ಬಿದ್ದಂತಾಗಿ ಅವಳು ಮೆಟ್ಟಿಲ ಕಂಬಿ ಹಿಡಿದುಕೊಂಡಳು. ಕೆಳಗಿಳಿದು ಬಾಗಿಲಿಗೆ ಬರುವಷ್ಟರಲ್ಲಿ ಸೆನೋನ್ ಯಾರದೋ ಹತ್ತಿರ ಬೆಂಕಿ ಕೇಳುತ್ತಿದ್ದ.

ವಿಲಾಕೊಯೊದಲ್ಲಿ ಬಿಯರ್ ಒಡೆದರು. ಅವನನ್ನು ಹೊರಗೆ ಹಾಕಿದ್ದ ತಂಡದವರೂ ಬಂದರು, ಮೇಸ್ತ್ರಿ ಅಪ್ಪಿಕೊಂಡ. ಮೆಲಿತೋನ್ ಎಲ್ಲರಿಗಿಂತ ಮೊದಲೇ ಬಂದು ಕುರ್ಚಿ ಹಿಡಿದಿದ್ದ. ನಾನು ಹೇಳಿದ್ದೇನು, ಆಗಿದ್ದೇನು, ಆ ಡಾಕ್ಟರಮ್ಮನ ಯಂತ್ರಗಿಂತ್ರ ಎಲ್ಲ ನನ್ನ ವಿದ್ಯೆಯ ಮುಂದೆ ನಡೆಯಿತೇ ಎಂದು ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳಿದ. ಹಿಲಾರಿಯಾ ಡಾಕ್ಟರು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಎರಡು ಸಲ ಹೇಳಿದಳು. ಕೇಳಿದವರು ತಲೆಯಾಡಿಸಿ, ಪಾಪ, ಕೊಮಾದ್ರೆಗೆ ಸಂತೋಷ ತಡೆಯಲಾಗುತ್ತಿಲ್ಲ ಎಂದು ಅವಳ ಲೋಟಕ್ಕೂ ಸುರಿದರು. ಸೆನೋನ್ ಅವಳ ಕಣ್ಣು ತಪ್ಪಿಸಿ ನಗುತ್ತಿದ್ದ. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಕೊನೆಗೆ ಅವನನ್ನು ಒಳಗೆ ಹೊತ್ತುಕೊಂಡು ಹೋಗಬೇಕಾಯಿತು.

ಔಷಧದ ಚೀಟಿ ಒಲೆಯ ಮೇಲಿನ ಗೂಡಿನಲ್ಲಿ ಇತ್ತು. ತರಲು ಹೋಗುತ್ತೇನೆ ಎಂದಾಗಲೆಲ್ಲ ಸೆನೋನ್ ಇನ್ಯಾಕೆ ಎನ್ನುತ್ತಿದ್ದ.

ಎರಡು ವಾರದ ಮೇಲೆ ಒಂದು ಭಾನುವಾರ ಬೆಳಿಗ್ಗೆ ರೊಸೆಂದಾ ಬಂದಳು. ಮೇಲಿನ ಓಣಿಯ ಸಿಪ್ರಿಯಾನ್ ಎಂಬುವನ ಹೆಂಡತಿ, ಇನ್ನೂ ಮೂವತ್ತಾಗಿಲ್ಲ. ತಟ್ಟೆಯಲ್ಲಿ ಬಿಸಿ ಚೀಸು ತುಂಬಿದ ಕರಿದ ರೊಟ್ಟಿ ತಂದಿದ್ದಳು. ಅವಳ ಗಂಡನಿಗೆ ನಲವತ್ತೇಳು ಬಂದಿತ್ತು. ರೊಟ್ಟಿಯ ತಟ್ಟೆಯನ್ನು ನೋಡಿದ ಕೂಡಲೇ ಹಿಲಾರಿಯಾಗೆ ಅವಳು ಬಂದದ್ದು ಯಾಕೆಂದು ಗೊತ್ತಾಯಿತು.

ಇವಳಿಗಾದರೂ ತಿಳಿಯುತ್ತದೆ, ಹೆಂಗಸು, ಎಂದು ಹಿಲಾರಿಯಾ ಅವಳನ್ನು ಕೂರಿಸಿ ಎಲ್ಲ ಹೇಳಿದಳು. ಫಿಲ್ಮು, ಗಂಟುಗಳು, ಐವತ್ಮೂರು. ಪ್ಯಾಕು ತಂದವಳು ತಾನೇ ಎಂಬುದನ್ನೂ ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದಳು. ರೊಸೆಂದಾ ಗೌರವದಿಂದ, ಹೌದಾ ಅಮ್ಮ, ಹೌದಾ ಅಮ್ಮ ಎಂದು ಪೂರ್ತಿ ಕೇಳಿದಳು.

"ಅದೆಲ್ಲ ಸರಿ ಅಮ್ಮ. ದಿನಕ್ಕೆ ಇಪ್ಪತ್ತಾ, ಇಪ್ಪತ್ತೈದಾ?"

ಹಿಲಾರಿಯಾ ಗಂಡ ಮಲಗಿದ್ದ ಮಂಚದ ಕಡೆ ಕೈ ತೋರಿಸಿದಳು.

"ನೋಡು, ಅವ್ನು ಎದ್ದಿದಾನೆ," ಎಂದಳು. "ಶೂ ಹಾಕ್ಕೊಳ್ಳೋದು ನೋಡು. ಅದಾದ್ಮೇಲೆ ಎಷ್ಟು ಅಂತ ನೀನೇ ಹೇಳು."

ಸೆನೋನ್ ಮಂಚದ ಅಂಚಿನಲ್ಲಿ ಕೂತು ಶೂಗೆ ಬಗ್ಗಿದ. ಬಗ್ಗಿದರೆ ಉಸಿರು ಸಿಗುತ್ತಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಬಾಯಿ ತೆರೆದು ಗಾಳಿಗಾಗಿ ಕಾದ, ಮತ್ತೆ ಬಗ್ಗಿದ. ಕಾಲು ಶೂ ಒಳಗೆ ಅರ್ಧ ಹೋಯಿತು. ಮತ್ತೆ ನಿಲ್ಲಿಸಿದ. ಅವನ ತುಟಿ ನೀಲಿಯಾಗಿತ್ತು, ಕೊರಳಿನ ನರಗಳು ಹಗ್ಗದಂತೆ ಎದ್ದಿದ್ದವು. ಸಾರು ಕುದಿಬಂದು ಇಳಿಸುವಷ್ಟು ಹೊತ್ತಾದರೂ ಒಂದೇ ಶೂ ಆಗಿತ್ತು. ರೊಸೆಂದಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು, ಅವಳ ಕೈ ಎದೆಯ ಮೇಲಿತ್ತು. ಇವಳಿಗೆ ತಾಗಿತು ಎಂದು ಹಿಲಾರಿಯಾ ಅಂದುಕೊಂಡಳು. ಎರಡನೇ ಶೂ ಹಾಕಿಕೊಳ್ಳುವ ಬದಲು ಸೆನೋನ್ ದಿಂಬಿನಡಿಯಿಂದ ಪ್ಯಾಕು ತೆಗೆದ, ಅದರಲ್ಲಿದ್ದ ಕೊನೆಯ ಸಿಗರೇಟು ಹೊತ್ತಿಸಿಕೊಂಡ, ಖಾಲಿ ಪ್ಯಾಕನ್ನು ನೆಲಕ್ಕೆಸೆದ.

ರೊಸೆಂದಾ ಎದ್ದಳು. ಬಗ್ಗಿ ಆ ಪ್ಯಾಕನ್ನು ಹೆಕ್ಕಿಕೊಂಡು ಸುಕ್ಕು ಬಿಡಿಸಿ, ಅಂಗಡಿಯವಳಿಗೆ ಇದೇ ಬೇಕು ಅಂತ ತೋರಿಸ್ತೀನಿ ಅಮ್ಮ ಎಂದು ಹೆಗಲ ಬಟ್ಟೆಯ ಗಂಟಿನಲ್ಲಿ ಇಟ್ಟುಕೊಂಡಳು. ರೊಟ್ಟಿ ಆರುವ ಮೊದಲು ತಿನ್ನಿ ಎಂದು ಹೇಳಿ ಹೋದಳು.